ಡೈಬ್ಯಾಕ್ ಬೇರುಕೊಳೆ ರೋಗ: ಬೆಂಕಿ ಬೀಳುವ ಕಾಡಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ

ನೈಋತ್ಯ ಆಸ್ಟ್ರೇಲಿಯಾದ ಬ್ಯಾಂಕ್ಸಿಯಾ ತೋಪು, ಜರ್ರಾ ಕಾಡು, ಕ್ವೊಂಗನ್ ಕುರುಚಲುಗಳಲ್ಲಿ ಡೈಬ್ಯಾಕ್ ತಡೆಯಲು ಹೊರಟವರು ಸೋಲುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ. ಮೊದಲು ಫಾಸ್ಫೈಟ್ ಎಂಬ ಔಷಧಿಯ ಕ್ಯಾನ್ ತರುತ್ತಾರೆ, ಆಮೇಲೆ ನಕ್ಷೆ ಮಾಡುತ್ತಾರೆ, ಬೂಟು ತೊಳೆಯುವುದು ಕೊನೆಗೆ ನೆನಪಾಗುತ್ತದೆ. ಅಷ್ಟರಲ್ಲಿ ಬೇಸಿಗೆ ಬರುತ್ತದೆ, ಬೆಂಕಿರೇಖೆ ಕೆರೆಯಲು ಗ್ರೇಡರ್ ಬರುತ್ತದೆ, ಎರಡು ವರ್ಷ ಸಿಂಪಡಿಸಿ ಕಾಪಾಡಿದ ಜಾಗಕ್ಕೆ ಒಂದೇ ಬೆಳಗ್ಗೆ ರೋಗದ ಮಣ್ಣು ಬಂದು ಬೀಳುತ್ತದೆ. ಈ ಕ್ರಮವನ್ನು ತಿರುಗಿಸಬೇಕು: ನಕ್ಷೆ, ಮಣ್ಣಿನ ಪರೀಕ್ಷೆ, ಸ್ವಚ್ಛತೆ, ಬೆಂಕಿಯ ಯೋಜನೆ, ಇಷ್ಟಾದ ಮೇಲೆ ಔಷಧಿ.

ಓದುವಾಗ ಒಂದು ವಿಷಯ ನೆನಪಿಡಿ. ಅಲ್ಲಿ ಮಳೆಗಾಲವೆಂದರೆ ಚಳಿಗಾಲ, ಅಂದರೆ ಜೂನ್‌ನಿಂದ ಆಗಸ್ಟ್. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಒಣ ಬೇಸಿಗೆ, ಕಾಳ್ಗಿಚ್ಚಿನ ಕಾಲ. ಮಾರ್ಚ್‌ನಿಂದ ಮೇ ಶರತ್ಕಾಲ, ಸೆಪ್ಟೆಂಬರ್‌ನಿಂದ ನವೆಂಬರ್ ವಸಂತ.

## ರೋಗಾಣುವಿನ ಬಗ್ಗೆ ತಿಳಿದಿರಬೇಕಾದಷ್ಟು

ಇದು ಫೈಟಾಫ್ತೊರಾ ಸಿನಮೋಮಿ. ನೋಡಲು ಶಿಲೀಂಧ್ರದಂತಿದ್ದರೂ ನಿಜಕ್ಕೆ ನೀರಿನ ಬೂಸ್ಟಿನ ಜಾತಿ. ಮಲೆನಾಡಿನ ಅಡಿಕೆ ಕೊಳೆರೋಗ, ಕಾಳುಮೆಣಸಿನ ಶೀಘ್ರ ಸೊರಗು ರೋಗ ತರುವವೂ ಇದೇ ಕುಲದವು. ಆದರೆ ತೋಟದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೊಳೆರೋಗ ಅಡಿಕೆಯ ಗೊನೆಗೆ ಬರುತ್ತದೆ, ಅಲ್ಲಿಗೆ ತಾಮ್ರದ ಬೋರ್ಡೋ ದ್ರಾವಣ ಮುಟ್ಟಿಸಬಹುದು. ಇದು ಬೇರಿನೊಳಗೆ, ಬುಡದ ತೊಗಟೆಯೊಳಗೆ ಕೂತಿರುತ್ತದೆ. ಮೇಲಿನಿಂದ ತಾಮ್ರ ಸುರಿದರೆ ಪ್ರಯೋಜನವಿಲ್ಲ.

ಮಣ್ಣು ಬೆಚ್ಚಗೆ, ಒದ್ದೆಯಾಗಿ ಇದ್ದಾಗ ಅದು ಈಜುವ ಬೀಜಕಣಗಳನ್ನು ಬಿಡುತ್ತದೆ. ಅವು ನೀರಿನ ಜೊತೆ ಇಳಿಜಾರಿನಲ್ಲಿ ಬೇಗ ಹೋಗುತ್ತವೆ. ಏರುಮುಖವಾಗಿ ರೋಗ ಬೇರಿನಿಂದ ಬೇರಿಗೆ ದಾಟುತ್ತಾ ಸರಾಸರಿ ವರ್ಷಕ್ಕೆ ಒಂದು ಮೀಟರಿನಷ್ಟೇ ಸರಿಯುತ್ತದೆ. ಮೈಲಿಗಟ್ಟಲೆ ದಾಟಿಸುವವರು ನಾವೇ: ಟೈರು, ಬೂಟು, ಗ್ರೇಡರ್ ಬ್ಲೇಡು, ಜಲ್ಲಿ, ನರ್ಸರಿ ಕುಂಡ. ಕಾಡುಹಂದಿಗಳೂ ಸೇರುತ್ತವೆ.

ಬೆಂಕಿ ಬಿದ್ದರೆ ಮಣ್ಣು ಶುದ್ಧವಾಗುತ್ತದೆ ಎಂಬ ನಂಬಿಕೆಯನ್ನು ಮೊದಲೇ ಬಿಡಿ. ಕಾಡಿನ ಬೆಂಕಿಯ ಮಾರಕ ಶಾಖ ಇಳಿಯುವುದು ಮೇಲಿನ ಕೆಲವು ಸೆಂಟಿಮೀಟರ್‌ಗಷ್ಟೇ. ರೋಗಾಣು ಅದಕ್ಕಿಂತ ಕೆಳಗೆ, ಸತ್ತ ಬೇರಿನ ತುಂಡುಗಳಲ್ಲಿ ದಪ್ಪ ಗೋಡೆಯ ಬೀಜಕಣಗಳಾಗಿ ವರ್ಷಗಟ್ಟಲೆ ಉಳಿಯುತ್ತದೆ. ಬೆಂಕಿಯಾದ ಮೇಲೆ ತೊಂದರೆ ಹೆಚ್ಚುವುದೇ ಸಾಮಾನ್ಯ. ಎಲೆ ಹೊದಿಕೆ ಇಲ್ಲದ ನೆಲದಲ್ಲಿ ಮಳೆನೀರು ಹೆಚ್ಚು ಹರಿಯುತ್ತದೆ, ಬೀಜದಿಂದ ಎದ್ದ ಎಳೆಯ ಸಸಿಗಳ ಬೇರು ನೇರವಾಗಿ ರೋಗದ ಮಣ್ಣಿಗೆ ಇಳಿಯುತ್ತದೆ.

## ಹಂತ 1: ನಕ್ಷೆ, ಬೆಂಕಿ ಬೀಳುವ ಮುನ್ನವೇ

ಕಾಡು ಸುಟ್ಟ ಮೇಲೆ ಸುಮಾರು ಮೂರು ವರ್ಷ ರೋಗದ ಗುರುತು ಕಣ್ಣಿಗೆ ಸಿಗುವುದಿಲ್ಲ. ರೋಗಕ್ಕೆ ಸತ್ತದ್ದು, ಬೆಂಕಿಗೆ ಸತ್ತದ್ದು ಎರಡೂ ಕಪ್ಪು ಕೊರಡು. ಅದಕ್ಕೇ ತರಬೇತಾದ ಪರಿಶೀಲಕರು ಅಂಥ ಜಾಗವನ್ನು ‘ತಾತ್ಕಾಲಿಕವಾಗಿ ಓದಲಾಗದ್ದು’ ಎಂದು ಬರೆದುಕೊಳ್ಳುತ್ತಾರೆ. ಯೋಜಿತ ಬೆಂಕಿ ಹಾಕುವ ಯೋಚನೆಯಿದ್ದರೆ ಅದಕ್ಕೆ ಮೊದಲಿನ ವಸಂತದಲ್ಲೇ ನಕ್ಷೆ ಮುಗಿದಿರಲಿ.

ನೋಡಬೇಕಾದದ್ದು ಬೇಗ ಸಾಯುವ ಸೂಚಕ ಗಿಡಗಳನ್ನು: ಬುಲ್ ಬ್ಯಾಂಕ್ಸಿಯಾ, ಕ್ಯಾಂಡಲ್‌ಸ್ಟಿಕ್ ಬ್ಯಾಂಕ್ಸಿಯಾ, ಬಾಲ್ಗಾ ಎಂಬ ಗ್ರಾಸ್ ಟ್ರೀ, ಸ್ನಾಟಿಗಾಬಲ್, ಜಮಿಯಾ. ನೈಋತ್ಯದ ಸ್ಥಳೀಯ ಸಸ್ಯಜಾತಿಗಳಲ್ಲಿ ಶೇ. 40ರಷ್ಟು ಈ ರೋಗಕ್ಕೆ ಈಡಾಗುವಂಥವು. ಅವೆಲ್ಲವನ್ನೂ ಹುಡುಕುತ್ತಾ ಹೋಗಬೇಡಿ, ಈ ನಾಲ್ಕೈದನ್ನು ಹಿಡಿದರೆ ಸಾಕು.

ಒಂದು ಗಿಡ ಸತ್ತಿದೆ ಎಂಬುದು ಸಾಕ್ಷಿಯಲ್ಲ, ಸಾವಿನ ಸಾಲು ಸಾಕ್ಷಿ. ತಗ್ಗಿನಲ್ಲಿ ತೊಗಟೆ ಉದುರಿದ ಹಳೆಯ ಕೊರಡು, ಅದರ ಮೇಲ್ಭಾಗದಲ್ಲಿ ಕಂದು ಎಲೆ ಇನ್ನೂ ಅಂಟಿಕೊಂಡಿರುವ ಗಿಡ, ಇನ್ನೂ ಮೇಲೆ ಹಳದಿ ತಿರುಗುತ್ತಿರುವ ಗಿಡ, ಅದರಾಚೆ ಹಸಿರು. ಹೀಗೆ ವಯಸ್ಸಿನ ಕ್ರಮದಲ್ಲಿ ಬೇರೆಬೇರೆ ಜಾತಿಗಳು ಸತ್ತಿದ್ದರೆ ಡೈಬ್ಯಾಕ್ ಎಂಬ ಅನುಮಾನ ಗಟ್ಟಿ. ಎಲ್ಲ ವಯಸ್ಸಿನ ಗಿಡಗಳೂ ಒಂದೇ ಸಲ, ಅದರಲ್ಲೂ ಬಂಡೆಯ ಮೇಲಿನ ತೆಳುಮಣ್ಣಿನಲ್ಲಿ ಒಣಗಿದ್ದರೆ ಅದು ಬರ. 2024ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಹಾಗೆ ಬೆಟ್ಟಬೆಟ್ಟವೇ ಕಂದಾಗಿತ್ತು.

ಬುಡ ಕೆತ್ತಿ ನೋಡಿ. ಇತ್ತೀಚೆಗೆ ಹಳದಿಯಾದ ಬ್ಯಾಂಕ್ಸಿಯಾದ ಬುಡದ ಮಣ್ಣು ಸರಿಸಿ, ಚಾಕುವಿನಿಂದ ತೊಗಟೆ ಎಬ್ಬಿಸಿದರೆ ಕಂದು ಪಟ್ಟೆಯೊಂದು ಬೇರಿನಿಂದ ಮೇಲೇರಿರುತ್ತದೆ. ಅದು ಕೆನೆಬಣ್ಣದ ಆರೋಗ್ಯದ ಭಾಗಕ್ಕೆ ತಾಗುವ ಗೆರೆ ಚೊಕ್ಕವಾಗಿ ಕಾಣುತ್ತದೆ. ತೊಗಟೆಯಡಿ ಅಣಬೆ ವಾಸನೆಯ ಬಿಳಿ ಹಾಳೆಯಂಥ ಪದರ ಸಿಕ್ಕರೆ ಅದು ಆರ್ಮಿಲೇರಿಯಾ, ಬೇರೆಯೇ ರೋಗ. ಅದಕ್ಕೆ ಫಾಸ್ಫೈಟ್ ಹಾಕಿದರೆ ದುಡ್ಡು ದಂಡ.

ಗಡಿಯನ್ನು ಟೇಪಿನಿಂದ ಗುರುತಿಸಿ. ಟೇಪಿನ ಗಂಟು ರೋಗದ ಕಡೆಗಿರಲಿ, ಆಗ ಕತ್ತಲಲ್ಲಿ ಬಂದ ಅಗ್ನಿಶಾಮಕ ಚಾಲಕನಿಗೂ ಯಾವ ಕಡೆ ಯಾವುದೆಂದು ತಿಳಿಯುತ್ತದೆ. ರೋಗ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಆದ್ದರಿಂದ ಕೊನೆಯ ಹಳದಿ ಗಿಡದಿಂದ ಏರುಭಾಗಕ್ಕೆ ಹತ್ತು ಹದಿನೈದು ಮೀಟರ್ ಬಿಟ್ಟು ಗೆರೆ ಹಾಕಿ. ಇಳಿಜಾರಿನ ಕೆಳಗೆ ನೀರು ಹೋಗುವ ಅಷ್ಟೂ ಜಾಗವನ್ನು ಸೋಂಕಿನದೆಂದೇ ಹಿಡಿಯಿರಿ. ಗೆರೆ ಒಂದು ವರ್ಷಕ್ಕಿಂತ ಹಳೆಯದಾದರೆ ಮತ್ತೆ ನಡೆದು ನೋಡಬೇಕು.

ನಕ್ಷೆಯ ಮೇಲೆ ಮೂರು ಬಣ್ಣ ಸಾಕು: ಸೋಂಕಿನ ಜಾಗ, ಸೋಂಕಿಲ್ಲದ ಜಾಗ, ಹೇಳಲಾಗದ ಜಾಗ. ಬೆಂಕಿರೇಖೆ, ನೀರು ತುಂಬುವ ಹೊಂಡ, ವಾಹನ ತಿರುಗುವ ಜಾಗಗಳನ್ನೂ ಅದೇ ಹಾಳೆಯ ಮೇಲೆ ಗುರುತಿಸಿ. ಬೆಂಕಿಯವರ ನಕ್ಷೆ ಬೇರೆ, ರೋಗದವರ ನಕ್ಷೆ ಬೇರೆ ಎಂದಾದ ಕಡೆ ಕೆಲಸ ಕೆಡುತ್ತದೆ.

## ಹಂತ 2: ಮಣ್ಣಿನ ಮಾದರಿ

ಬೇಕಾದದ್ದು: ಕೈಗುದ್ದಲಿ, ಗಟ್ಟಿ ಪ್ಲಾಸ್ಟಿಕ್ ಚೀಲ, ಮಾರ್ಕರ್, ಜಿಪಿಎಸ್ ಇರುವ ಫೋನ್, ಶೇ. 70ರ ಮೆಥಿಲೇಟೆಡ್ ಸ್ಪಿರಿಟ್ ತುಂಬಿದ ಸ್ಪ್ರೇ ಬಾಟಲಿ.

1. ಮಣ್ಣಿನಲ್ಲಿ ತೇವ ಇರುವಾಗ, ಅಂದರೆ ಶರತ್ಕಾಲದ ಮೊದಲ ಮಳೆಗಳಿಂದ ವಸಂತದವರೆಗೆ ತೆಗೆಯಿರಿ. ಬೇಸಿಗೆಯ ಒಣಮಣ್ಣಿನಲ್ಲಿ ರೋಗವಿದ್ದೂ ‘ಇಲ್ಲ’ ಎಂಬ ಉತ್ತರ ಬರುವುದು ಹೆಚ್ಚು.
2. ಸಾಯುತ್ತಿರುವ ಅಥವಾ ಈಚೆಗೆ ಸತ್ತ ಗಿಡವನ್ನೇ ಆರಿಸಿ. ಹಳೆಯ ಕೊರಡಿನಿಂದ ಏನೂ ಸಿಗದು.
3. ಬುಡದ ಮೂರು ನಾಲ್ಕು ದಿಕ್ಕಿನಿಂದ 10ರಿಂದ 20 ಸೆಂ.ಮೀ. ಆಳದ ಮಣ್ಣು, ಬೇರು, ಬುಡದ ತೊಗಟೆಯ ಚೂರು ಸೇರಿ ಅರ್ಧ ಕೆಜಿಯಷ್ಟು ತುಂಬಿ. ಬೇರಿಲ್ಲದ ಬರೀ ಮಣ್ಣು ಬೇಡ.
4. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಗುದ್ದಲಿಯ ಮಣ್ಣು ಕೆರೆದು, ಸ್ಪಿರಿಟ್ ಹೊಡೆದು, ಒಣಗಲು ಬಿಡಿ.
5. ಚೀಲವನ್ನು ನೆರಳಿನಲ್ಲಿಡಿ. ಬಿಸಿಲಲ್ಲಿ ನಿಂತ ಗಾಡಿಯ ಹಿಂಭಾಗದಲ್ಲಿ ಎರಡು ಗಂಟೆ ಬಿಟ್ಟರೆ ರೋಗಾಣು ಸತ್ತು ಪರೀಕ್ಷೆ ಸುಳ್ಳಾಗಬಹುದು. ಫ್ರಿಜ್ಜಿಗೂ ಇಡಬೇಡಿ, ಇದಕ್ಕೆ ಚಳಿ ಆಗದು.

ಪ್ರಯೋಗಾಲಯದಲ್ಲಿ ಮಾದರಿಯನ್ನು ನೀರಿನಲ್ಲಿ ಮುಳುಗಿಸಿ, ಮೇಲೆ ಎಳೆಯ ಎಲೆ ಅಥವಾ ಮೊಳಕೆಗಳನ್ನು ಗಾಳದಂತೆ ತೇಲಿಬಿಡುತ್ತಾರೆ. ಈಜಿ ಬಂದ ಬೀಜಕಣ ಅಲ್ಲಿ ಕಲೆ ಮಾಡುತ್ತದೆ. ಆ ಕಲೆಯ ತುಂಡನ್ನು ಆಯ್ದ ಮಾಧ್ಯಮದ ಮೇಲೆ ಬೆಳೆಸಿ ಗುರುತಿಸುತ್ತಾರೆ. ವಾರದಿಂದ ಎರಡು ವಾರ ಹಿಡಿಯುವುದು ಮಾಮೂಲು. ಡಿಎನ್‌ಎ ಪರೀಕ್ಷೆ ಬೇಗ ಆಗುತ್ತದೆ, ಆದರೆ ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಅದು ತೋರಿಸಬಹುದು. ಸಾವಿನ ಸಾಲು ಎದ್ದು ಕಾಣುತ್ತಿದ್ದು ಒಂದು ಮಾದರಿ ಮಾತ್ರ ‘ಇಲ್ಲ’ ಎಂದರೆ ಆ ಉತ್ತರವನ್ನು ನಂಬಬೇಡಿ, ಇನ್ನೊಮ್ಮೆ ತೆಗೆಯಿರಿ.

## ಹಂತ 3: ಬೂಟು, ಟೈರು, ನೀರು

ನಿಯಮ ಒಂದೇ: ಸೋಂಕಿಲ್ಲದ ಕಡೆಯಿಂದ ಸೋಂಕಿನ ಕಡೆಗೆ, ಮೇಲಿನಿಂದ ಕೆಳಕ್ಕೆ. ದಿನದ ಕೆಲಸವನ್ನು ಆ ದಿಕ್ಕಿನಲ್ಲೇ ಜೋಡಿಸಿ. ತಿರುಗಿ ಬರಬೇಕಾದರೆ ತೊಳೆದು ಬರಬೇಕು.

ಬೂಟಿಗೆ ಕ್ರಮ ಹೀಗೆ. ಮೊದಲು ಗಟ್ಟಿ ಬ್ರಷ್ಷಿನಿಂದ ಅಡಿಯ ಮಣ್ಣನ್ನು ಸೋಂಕಿನ ಕಡೆಯಲ್ಲೇ ಉದುರಿಸಿ. ಕಲ್ಲುಕಡ್ಡಿ ಸಿಕ್ಕಿದ್ದರೆ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ. ಆಮೇಲೆ ಶೇ. 70ರ ಸ್ಪಿರಿಟನ್ನು ತೊಟ್ಟಿಕ್ಕುವಷ್ಟು ಹೊಡೆದು ಒಂದು ನಿಮಿಷ ಬಿಡಿ. ಮಣ್ಣು ಉಳಿದಿದ್ದರೆ ಸ್ಪಿರಿಟ್ ಮೇಲುಮೇಲೆ ಒದ್ದೆ ಮಾಡುತ್ತದೆ ಅಷ್ಟೆ, ಒಳಗಿನ ಬೇರಿನ ಚೂರಿಗೆ ಮುಟ್ಟುವುದಿಲ್ಲ. ಇಲ್ಲಿ ತಪ್ಪುವವರೇ ಜಾಸ್ತಿ.

ಬ್ಲೀಚ್ ಬಳಸುವುದಾದರೆ ಶೇ. 4ರ ಮನೆಬಳಕೆಯದನ್ನು ಒಂದು ಭಾಗಕ್ಕೆ ಮೂರು ಭಾಗ ನೀರು ಬೆರೆಸಿ ಶೇ. 1ಕ್ಕೆ ಇಳಿಸಿ. ಅಂದಂದಿನದು ಅಂದೇ ಮಾಡಿ, ಕೆಸರು ಸೇರಿದ ಕೂಡಲೇ ಅದರ ಶಕ್ತಿ ಇಳಿಯುತ್ತದೆ.

ಎಚ್ಚರಿಕೆ: ಬ್ಲೀಚ್ ಮತ್ತು ಸ್ಪಿರಿಟನ್ನು ಒಂದೇ ಬಾಟಲಿಯಲ್ಲಿ, ಒಂದೇ ತೊಟ್ಟಿಯಲ್ಲಿ ಎಂದೂ ಬೆರೆಸಬಾರದು, ವಿಷದ ಅನಿಲ ಬರುತ್ತದೆ. ಸ್ಪಿರಿಟ್ ಹೊತ್ತಿಕೊಳ್ಳುವ ವಸ್ತು. ಕಿಡಿ, ಬಿಸಿ ಎಕ್ಸಾಸ್ಟ್, ಸುಡುತ್ತಿರುವ ಅಂಚಿನ ಹತ್ತಿರ ಅದನ್ನು ತೆಗೆಯಬೇಡಿ.

ವಾಹನ ಯಂತ್ರಗಳಿಗೆ ಒಣಗಿದ ದಿನವೇ ಒಳ್ಳೆಯದು. ಒಣಮಣ್ಣನ್ನು ಸಲಿಕೆ, ಬ್ರಷ್, ಗಾಳಿ ಪಂಪಿನಿಂದ ತೆಗೆಯಬಹುದು. ಮಡ್‌ಗಾರ್ಡ್ ಒಳಭಾಗ, ಟ್ರ್ಯಾಕಿನ ಹಲ್ಲು, ಬ್ಲೇಡಿನ ಹಿಂಬದಿ ಈ ಮೂರನ್ನು ಬೆರಳಿನಿಂದ ಮುಟ್ಟಿ ನೋಡಿ. ನೀರಿನಿಂದ ತೊಳೆಯಲೇಬೇಕಾದರೆ ಜಲ್ಲಿ ಹಾಕಿದ ಗಟ್ಟಿ ನೆಲದ ಮೇಲೆ, ತೊಳೆದ ನೀರು ಆರೋಗ್ಯದ ಕಾಡಿಗೆ ಹರಿಯದಂತೆ ತೊಳೆಯಿರಿ. ಮಳೆ ಬಿದ್ದು ಮಣ್ಣು ಟೈರಿಗೆ ಮೆತ್ತಿಕೊಳ್ಳುತ್ತಿದ್ದರೆ ಆ ದಿನದ ಕೆಲಸ ಮುಂದೂಡಿ.

ಹೊರಗಿಂದ ತರುವ ಜಲ್ಲಿ, ಮರಳು, ಮಲ್ಚ್ ಎಲ್ಲವೂ ರೋಗದ ದಾರಿಗಳು. ಸೋಂಕಿಲ್ಲದ ಕ್ವಾರಿಯದೆಂದು ಲಿಖಿತವಾಗಿ ಕೊಡದವರ ಜಲ್ಲಿ ರಸ್ತೆಗೂ ಬೇಡ.

## ಹಂತ 4: ಬೆಂಕಿರೇಖೆ ಮತ್ತು ಯೋಜಿತ ಬೆಂಕಿ

ಗ್ರೇಡರ್ ಬ್ಲೇಡು ಮಣ್ಣನ್ನು ಮುಂದೆ ಎಳೆದುಕೊಂಡೇ ಹೋಗುತ್ತದೆ. ಸೋಂಕಿನ ತುದಿಯಿಂದ ಶುರುಮಾಡಿದರೆ ರೇಖೆಯ ಉದ್ದಕ್ಕೂ ರೋಗ ಬಿತ್ತಿದಂತೆ. ಅದಕ್ಕೆ:

1. ಕೆರೆಯುವ ಕೆಲಸವನ್ನು ಮಣ್ಣು ಒಣಗಿರುವಾಗ ಮಾಡಿಸಿ, ಸೋಂಕಿಲ್ಲದ ತುದಿಯಿಂದ ಶುರುಮಾಡಿಸಿ, ಗಡಿ ಟೇಪಿನ ಹತ್ತಿರ ನಿಲ್ಲಿಸಿ ಯಂತ್ರ ತೊಳೆಸಿ.
2. ಸಾಧ್ಯವಿದ್ದಲ್ಲಿ ಮಣ್ಣು ಕೆರೆಯುವ ಬದಲು ಗಿಡ ಕತ್ತರಿಸುವ ಸ್ಲ್ಯಾಶರ್ ಬಳಸಿ.
3. ರೇಖೆಯ ನೀರು ಎತ್ತ ಹೋಗುತ್ತದೆ ನೋಡಿ. ಗ್ರೇಡರ್ ಬಿಟ್ಟ ಮಣ್ಣಿನ ದಿಂಡು ನೀರು ಕಟ್ಟಿಹಾಕಿ ಒಂದೇ ಕಡೆ ಒಡೆದರೆ, ಆ ಒಡೆದ ಜಾಗದ ಕೆಳಗೆ ಮುಂದಿನ ವರ್ಷ ಸಾವು ಕಾಣುತ್ತದೆ.
4. ಹೊಂಡ, ತೊರೆಯ ನೀರನ್ನು ಟ್ಯಾಂಕರಿಗೆ ತುಂಬುವುದಾದರೆ ಅದು ಸೋಂಕಿನ ಇಳಿಜಾರಿನ ಕೆಳಗಿದೆಯೇ ಎಂದು ನಕ್ಷೆಯಲ್ಲಿ ನೋಡಿ. ಸಂದೇಹವಿದ್ದರೆ ನಲ್ಲಿ ನೀರು ತುಂಬಿ, ಅದಿಲ್ಲದಿದ್ದರೆ ಕ್ಲೋರಿನ್ ಹಾಕಿ. ಶೇ. 12.5ರ ಈಜುಕೊಳದ ದ್ರವ ಕ್ಲೋರಿನ್ 16 ಮಿ.ಲೀ. ಹಾಕಿದರೆ 1000 ಲೀಟರ್ ಶುದ್ಧ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಕೆಸರು ನೀರು ಅಷ್ಟನ್ನೂ ನುಂಗಿಬಿಡುತ್ತದೆ. ಆದ್ದರಿಂದ ಪರೀಕ್ಷಾ ಪಟ್ಟಿಯಲ್ಲಿ 2 ಉಳಿಯುವವರೆಗೆ ಸೇರಿಸಿ. ಇದು ಈಜುವ ಬೀಜಕಣಕ್ಕಷ್ಟೇ ಮದ್ದು. ಬೇರಿನ ಚೂರಿನೊಳಗೆ ಕೂತದ್ದನ್ನು ಕೊಲ್ಲದು, ಹಾಗಾಗಿ ಹೀರುವ ಪೈಪಿಗೆ ಜಾಲರಿ ಇರಲಿ, ಪೈಪು ಹೊಂಡದ ತಳಕ್ಕೆ ತಾಗದಿರಲಿ.

ಯೋಜಿತ ಬೆಂಕಿಯ ಅಂತರವನ್ನೂ ರೋಗದ ನಕ್ಷೆ ನೋಡಿಯೇ ನಿರ್ಧರಿಸಬೇಕು. ಸ್ಟರ್ಲಿಂಗ್ ರೇಂಜ್ ಸುತ್ತಿನ ಬ್ಯಾಂಕ್ಸಿಯಾ ಬ್ರೌನಿಯಂಥ ಜಾತಿ ಬೆಂಕಿಗೆ ಪೂರ್ತಿ ಸಾಯುತ್ತದೆ. ಕೊಂಬೆಯ ಮೇಲಿನ ಕಾಯಿಗಳಲ್ಲಿ ಉಳಿದ ಬೀಜವೇ ಅದರ ಮುಂದಿನ ಪೀಳಿಗೆ. ಸಸಿಗಳು ಕಾಯಿ ಕಟ್ಟುವ ವಯಸ್ಸಿಗೆ ಬರುವ ಮುನ್ನ ಇನ್ನೊಂದು ಬೆಂಕಿ ಬಿದ್ದರೆ, ಜೊತೆಗೆ ಮಣ್ಣಿನಲ್ಲಿ ರೋಗವೂ ಇದ್ದರೆ, ಆ ಜಾಗದಿಂದ ಜಾತಿಯೇ ಹೋಗುತ್ತದೆ. ಅಂಥ ಗಿಡಗಳಿರುವ ಸೋಂಕಿನ ಜಾಗಕ್ಕೆ ಬೆಂಕಿ ಹಾಕುವ ಮುನ್ನ ಅನುಮತಿಯೊಂದಿಗೆ ಬೀಜ ಸಂಗ್ರಹ ಆಗಿರಲೇಬೇಕು.

ನಿಜವಾದ ಕಾಳ್ಗಿಚ್ಚು ಬಂದಾಗ ಪ್ರಾಣ ಮೊದಲು, ಬೂಟು ತೊಳೆಯುವುದು ಆಮೇಲೆ. ಇದರಲ್ಲಿ ಚರ್ಚೆ ಇಲ್ಲ. ಅದಕ್ಕೇ ಯಂತ್ರಗಳು ಶೆಡ್ಡಿನಲ್ಲಿರುವಾಗಲೇ ಶುಚಿಯಾಗಿರಬೇಕು, ಒಂದು ಪ್ರತಿ ನಕ್ಷೆ ಲಾರಿಯ ಡ್ಯಾಶ್‌ಬೋರ್ಡಿನಲ್ಲಿರಬೇಕು.

## ಹಂತ 5: ಬೆಂಕಿ ಆರಿದ ಮೇಲಿನ ಮೊದಲ ಚಳಿಗಾಲ

ಅವಸರದಲ್ಲಿ ಬುಲ್ಡೋಜರ್ ಎಲ್ಲೆಲ್ಲಿ ಹೋಯಿತು ಎಂದು ಮೊದಲ ವಾರದಲ್ಲೇ ಬರೆದಿಟ್ಟುಕೊಳ್ಳಿ. ಯಾವ ಹೊಸ ರೇಖೆ ಟೇಪು ದಾಟಿದೆಯೋ ಅದನ್ನು ‘ಹೇಳಲಾಗದ ಜಾಗ’ಕ್ಕೆ ಸೇರಿಸಿ, ಮಳೆಗೆ ಮುನ್ನ ಕೊಂಬೆ ಅಡ್ಡ ಹಾಕಿ ಮುಚ್ಚಿ. ಮೊದಲ ಮಳೆಗಾಲದಲ್ಲಿ ವಾಹನ, ನಡಿಗೆ ಎರಡನ್ನೂ ನಿಲ್ಲಿಸಲು ಆದರೆ ಅಷ್ಟು ಒಳ್ಳೆಯದು. ಹೂವು ನೋಡಲು ಜನ ಬರುವುದು ಆಗಲೇ, ಮಣ್ಣು ಒದ್ದೆಯಿರುವುದೂ ಆಗಲೇ.

ಕಣ್ಣಳತೆಯ ನಕ್ಷೆ ಆಗದಿದ್ದರೂ ಮಣ್ಣಿನ ಮಾದರಿ ತೆಗೆಯಬಹುದು. ಎಚ್ಚರಿಕೆಯ ಗುರುತುಗಳು: ಬೆಂಕಿಯಾಗಿ ಕೆಲವು ವಾರಕ್ಕೆ ಹಸಿರು ಚಿಗುರಿದ ಬಾಲ್ಗಾ ಆಮೇಲೆ ಒಟ್ಟಿಗೆ ಹಳದಿಯಾಗಿ ಕಂದಾಗಿ ಕುಸಿಯುವುದು, ಒಂದು ಅಡಿ ಎತ್ತರದ ಬ್ಯಾಂಕ್ಸಿಯಾ ಸಸಿಗಳು ನೀರಿನ ಹರಿವಿನ ಸಾಲಿನಲ್ಲಷ್ಟೇ ಸಾಯುವುದು. ಹರಿವಿನ ಆಚೆ ಈಚೆ ಸಸಿ ಚೆನ್ನಾಗಿದ್ದರೆ ಅದು ಬಿಸಿಲಿನ ಕೆಲಸವಲ್ಲ.

## ಹಂತ 6: ಫಾಸ್ಫೈಟ್

ಫಾಸ್ಫೈಟ್, ಅಂದರೆ ಪೊಟ್ಯಾಷಿಯಂ ಫಾಸ್ಫೋನೇಟ್, ರೋಗಾಣುವನ್ನು ಮಣ್ಣಿನಿಂದ ತೆಗೆಯುವುದಿಲ್ಲ. ಗಿಡದೊಳಗೆ ರೋಗದ ಓಟ ತಗ್ಗಿಸುತ್ತದೆ, ಗಿಡದ ರಕ್ಷಣೆ ಬಲಪಡಿಸುತ್ತದೆ, ಅಷ್ಟೆ. ಸಿಂಪಡಿಸಿದ ಜಾಗದಿಂದ ಹೊರಬರುವ ಬೂಟಿನಲ್ಲಿ ರೋಗ ಇದ್ದೇ ಇರುತ್ತದೆ. ಲೇಬಲ್, ಸ್ಥಳೀಯ ಅನುಮತಿ ಓದಿಯೇ ಮುಂದುವರಿಯಿರಿ. ಸರ್ಕಾರಿ ಕಾಡಿಗೆ ಇಲಾಖೆಯ ಒಪ್ಪಿಗೆ ಬೇಕು.

ಸಿಂಪಡಣೆಗೆ ಶೇ. 0.5, ಅಂದರೆ ಲೀಟರಿಗೆ 5 ಗ್ರಾಂ. ಕ್ಯಾನ್ ಮೇಲೆ ಲೀಟರಿಗೆ 400 ಗ್ರಾಂ ಎಂದಿದ್ದರೆ 10 ಲೀಟರ್ ಟ್ಯಾಂಕಿಗೆ 125 ಮಿ.ಲೀ.; 600 ಗ್ರಾಂ ಎಂದಿದ್ದರೆ 83 ಮಿ.ಲೀ. ಈ ಎರಡನ್ನು ಅದಲುಬದಲು ಮಾಡಿಕೊಂಡು ಎಲೆ ಸುಟ್ಟವರು ಬಹಳ. ಲೇಬಲ್ ಹೇಳಿದ ಅಂಟು ಸೇರಿಸಿ, ಎಲೆಯಿಂದ ತೊಟ್ಟಿಕ್ಕಲು ಶುರುವಾಗುವವರೆಗೆ ಹೊಡೆಯಿರಿ.

ಮರಗಳಿಗೆ ಇಂಜೆಕ್ಷನ್ ಶೇ. 5: 400ರ ಕ್ಯಾನಿನಿಂದ 125 ಮಿ.ಲೀ. ತೆಗೆದು ನೀರು ಸೇರಿಸಿ ಒಂದು ಲೀಟರ್ ಮಾಡಿ. ಕಾಂಡ 10 ಸೆಂ.ಮೀ.ಗಿಂತ ತೆಳುವಾಗಿದ್ದರೆ ಇಂಜೆಕ್ಷನ್ ಬೇಡ, ಸಿಂಪಡಿಸಿ. ಸುತ್ತಳತೆಯ ಪ್ರತಿ 20 ಸೆಂ.ಮೀ.ಗೆ ಒಂದು 20 ಮಿ.ಲೀ. ಸ್ಪ್ರಿಂಗ್ ಸಿರಿಂಜ್. ಮೂತಿಗೆ ಸರಿಯಾಗಿ ಕೂರುವ ಬಿಟ್‌ನಿಂದ 3–4 ಸೆಂ.ಮೀ. ಆಳಕ್ಕೆ, ಸ್ವಲ್ಪ ಕೆಳಮುಖವಾಗಿ ಕೊರೆಯಿರಿ. ಮೊಂಡು ಬಿಟ್ ಮರವನ್ನು ಸುಟ್ಟು ರಂಧ್ರ ಮುಚ್ಚಿಬಿಡುತ್ತದೆ, ಔಷಧಿ ಇಳಿಯದಿರಲು ಸಾಮಾನ್ಯ ಕಾರಣ ಇದೇ. ಕೊರೆದ ಕೂಡಲೇ ಸಿರಿಂಜ್ ಸಿಕ್ಕಿಸಿ. ಬಿಸಿಲು ಬಂದ ಬೆಳಗಿನ ಹೊತ್ತು, ಮಣ್ಣಿನಲ್ಲಿ ತೇವವಿರುವ ಕಾಲ ಉತ್ತಮ. ಎಲೆ ಅರ್ಧಕ್ಕಿಂತ ಉದುರಿದ ಮರಕ್ಕೆ ಹಾಕಿ ಫಲವಿಲ್ಲ, ಹೀರಲು ಎಲೆ ಬೇಕು.

ಸಿಂಪಡಣೆ ಆರೋಗ್ಯದ ಗಿಡಗಳಿಗೆ, ರೋಗದ ಮುಂಚೂಣಿಯ ಹಿಂದಿನ ಕೆಲವು ಮೀಟರ್‌ನಿಂದ ಶುರುವಾಗಿ ಏರಿನ ಕಡೆಗೆ ಒಂದು ಪಟ್ಟಿಯಾಗಿ. ಸತ್ತದ್ದನ್ನು ಬದುಕಿಸುವುದಿಲ್ಲ. ಹೂ ಬಿಡುವ ಕಾಲ, ಬರ, 30 ಡಿಗ್ರಿ ದಾಟಿದ ದಿನ, ಗಾಳಿ, ಮಳೆಯ ಮುನ್ಸೂಚನೆ ಇವುಗಳಲ್ಲಿ ಬೇಡ. ಸಿಂಪಡಣೆಯ ಫಲ ಎರಡು ಮೂರು ವರ್ಷ, ಇಂಜೆಕ್ಷನ್ನಿನದು ನಾಲ್ಕೈದು ವರ್ಷ ಎಂದಿಟ್ಟುಕೊಳ್ಳಿ, ಜಾತಿಯಿಂದ ಜಾತಿಗೆ ವ್ಯತ್ಯಾಸವಿದೆ. ಯೋಜಿತ ಬೆಂಕಿಗೆ ಮುಂಚಿನ ಋತುವಿನಲ್ಲಿ ಎಲೆಗೆ ಹೊಡೆದದ್ದು ಹೊಗೆಯಾಗುತ್ತದೆ. ಬೆಂಕಿಯಾದ ಮೇಲೆ ಚಿಗುರು ಬಲಿತು ಸಾಕಷ್ಟು ಎಲೆ ಬರುವವರೆಗೆ ಕಾಯಿರಿ.

ಹೆಚ್ಚು ಹಾಕಿದರೆ ಹೆಚ್ಚು ಲಾಭ ಎನ್ನುವವರಿಗೆ ಒಂದು ಮಾತು: ಆ ಮಣ್ಣಿನಲ್ಲಿ ರಂಜಕ ಅತಿ ಕಡಿಮೆ, ಬ್ಯಾಂಕ್ಸಿಯಾ ಬಳಗ ಅದಕ್ಕೇ ಹೊಂದಿಕೊಂಡದ್ದು. ಫಾಸ್ಫೈಟ್ ಮಣ್ಣಿನಲ್ಲಿ ನಿಧಾನಕ್ಕೆ ಫಾಸ್ಫೇಟ್, ಅಂದರೆ ರಂಜಕದ ಗೊಬ್ಬರ, ಆಗುತ್ತದೆ. ಎಲೆ ತುದಿ ಕಂದಾಗುವುದು ಅತಿಯಾಯಿತು ಎಂಬುದರ ಮೊದಲ ಗುರುತು.

## ಹಂತ 7: ಮತ್ತೆ ನೆಡುವಾಗ

ನರ್ಸರಿ ಕುಂಡಗಳು ನೆಲಕ್ಕೆ ತಾಗದೆ ಎತ್ತರದ ಬೆಂಚಿನ ಮೇಲಿವೆಯೇ, ಮಣ್ಣಿನ ಮಿಶ್ರಣವನ್ನು 60 ಡಿಗ್ರಿ ಹಬೆಯಲ್ಲಿ ಅರ್ಧ ಗಂಟೆ ಇಟ್ಟಿದ್ದಾರೆಯೇ ಎಂದು ಹೋಗಿ ನೋಡಿ. ಗಿಡ ಹಸಿರಾಗಿದ್ದರೆ ಸಾಲದು, ಫಾಸ್ಫೈಟ್ ಹಾಕಿದ ನರ್ಸರಿಯಲ್ಲಿ ಸೋಂಕಿನ ಗಿಡವೂ ಹಸಿರಾಗಿಯೇ ಕಾಣುತ್ತದೆ. ಸೋಂಕಿನ ಜಾಗದಲ್ಲಿ ಬ್ಯಾಂಕ್ಸಿಯಾ ಮತ್ತೆ ನೆಡಬೇಡಿ, ‘ಮಾರಿ’ ಎಂಬ ನೀಲಗಿರಿ ಬಳಗದ ಮರದಂಥ, ರೋಗ ತಡೆದುಕೊಳ್ಳುವ ಸ್ಥಳೀಯ ಜಾತಿ ಹಾಕಿ. ನೆಡುವ ತಂಡ ಸೋಂಕಿಲ್ಲದ ಜಾಗವನ್ನು ಮುಗಿಸಿದ ಮೇಲೆಯೇ ಈ ಕಡೆ ಇಳಿಯಲಿ. ಉಳಿದ ಕುಂಡಗಳನ್ನು ವಾಪಸು ಒಯ್ಯದೆ ಅಲ್ಲೇ ನೆಟ್ಟು ಮುಗಿಸಲಿ.